ಗೋಡೆ ಮುಚ್ಚುವ ಮುನ್ನ ಒಂದು ಬಕೆಟ್ ನೀರು

ಮನೆ ಕಟ್ಟುವುದೆಂದರೆ ಒಂದು ಕುಟುಂಬದ ಹತ್ತಿಪ್ಪತ್ತು ವರ್ಷಗಳ ಉಳಿತಾಯ. ಪುಣೆಯಲ್ಲೋ ಮುಂಬಯಿಯಲ್ಲೋ ಸೌದಿಯಲ್ಲೋ ದುಡಿದು ಕಳುಹಿಸಿದ ಹಣ, ಮನೆಯಾಕೆ ಖರ್ಚು ಬಿಗಿ ಹಿಡಿದು ಕೂಡಿಟ್ಟ ಹಣ, ಕೆಲವೊಮ್ಮೆ ಆಕೆಯ ಮೈಮೇಲಿನ ಬಂಗಾರವೂ ಅದರಲ್ಲಿ ಸೇರಿರುತ್ತದೆ. ಅಂಥ ಮನೆಗೆ ಏಪ್ರಿಲ್‌ನಲ್ಲಿ ಕಾಲಿಟ್ಟು, ವಯಸ್ಸಾದ ಅತ್ತೆ ಮಾವಂದಿರ ಕೋಣೆಗೆ ಎಸಿ ಹಾಕಿಸಿ, 'ಈ ಸಲದ ಬೇಸಿಗೆ ಸುಖವಾಗಿ ಕಳೆಯಿತು' ಎಂದು ನಿಟ್ಟುಸಿರು ಬಿಟ್ಟಿರುತ್ತೀರಿ. ಜುಲೈ ಬರುತ್ತದೆ. ಎಸಿಯ ಕೆಳಗೆ ಗೋಡೆಯ ಮೇಲೆ ಅಂಗೈಯಗಲದ ಒಂದು ಕಲೆ ಕಾಣಿಸುತ್ತದೆ. ಆಗಸ್ಟ್‌ನಲ್ಲಿ ಅದು ಚಾಪೆಯಷ್ಟಾಗುತ್ತದೆ. ಬಣ್ಣ ಉಬ್ಬಿ ಉದುರುತ್ತದೆ, ಬೂಷ್ಟಿನ ವಾಸನೆ ಬರುತ್ತದೆ, ಪಕ್ಕದ ಕಪಾಟಿನ ಹಿಂಬದಿ ತೇವವಾಗುತ್ತದೆ.

ಇಂಥ ಗೋಡೆಯನ್ನು ನೀವು ಎಲ್ಲಾದರೂ ನೋಡಿರಬಹುದು. ಮಾಳಿಗೆ ಸೋರುತ್ತಿದೆ ಎಂದುಕೊಂಡು ಮೇಲೆ ಸಿಮೆಂಟು ಬಳಿಸಿದವರೂ ಇದ್ದಾರೆ. ಆದರೆ ನೀರು ಬರುತ್ತಿರುವುದು ಆಕಾಶದಿಂದಲ್ಲ, ಗೋಡೆಯೊಳಗೆ ಮುಚ್ಚಿಟ್ಟ ಒಂದು ಪೈಪಿನಿಂದ. ಅದನ್ನು ಸರಿಪಡಿಸಬೇಕಾದರೆ ಹೊಸ ಗೋಡೆಯನ್ನು ಒಡೆಯದೆ ಬೇರೆ ದಾರಿಯಿಲ್ಲ.

ಜೇವರ್ಗಿ, ಆಳಂದ, ಅಫಜಲಪುರಗಳಲ್ಲಿ ಇಂದು ಕಟ್ಟುವ ಹೊಸ ಮನೆಗಳಲ್ಲಿ ಒಂದಾದರೂ ಕೋಣೆಗೆ ಎಸಿಯ ಜಾಗ ಬಿಡುವುದು ರೂಢಿಯಾಗುತ್ತಿದೆ. ಪೈಪುಗಳು ಹೊರಗೆ ಜೋತು ಬಿದ್ದರೆ ಅಂದಗೆಡುತ್ತದೆಂದು ಗೋಡೆಯೊಳಗೇ ಹುದುಗಿಸುತ್ತಾರೆ. ತಪ್ಪೇನಿಲ್ಲ. ಆದರೆ ಕಣ್ಣಿಗೆ ಕಾಣದಂತೆ ಮುಚ್ಚುವ ಕೆಲಸವನ್ನು, ಕಾಣುವಂತಿರುವಾಗಲೇ ಪರೀಕ್ಷಿಸಬೇಕು. ಈ ಲೇಖನದ ಸಾರ ಇಷ್ಟೇ.

ಬೇಸಿಗೆಯಲ್ಲಿ ಸೋರದ್ದು ಮಳೆಗಾಲದಲ್ಲಿ ಏಕೆ?

ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿಗಳು ಮೂಡುವುದನ್ನು ನೀವು ದಿನವೂ ನೋಡುತ್ತೀರಿ. ಆ ನೀರು ಲೋಟದೊಳಗಿಂದ ಬಂದದ್ದಲ್ಲ, ಗಾಳಿಯಲ್ಲಿದ್ದ ತೇವ ತಣ್ಣನೆಯ ಲೋಹಕ್ಕೆ ತಾಗಿ ನೀರಾದದ್ದು. ಎಸಿಯೊಳಗೆ ನಡೆಯುವುದೂ ಇದೇ. ಕೋಣೆಯ ಗಾಳಿ ತಣ್ಣನೆಯ ಕೊಳವೆಗಳ ನಡುವೆ ಹಾಯುವಾಗ ತನ್ನ ತೇವವನ್ನು ಅಲ್ಲಿ ಬಿಟ್ಟು ಹೋಗುತ್ತದೆ. ಆ ನೀರು ಕೆಳಗಿನ ತಟ್ಟೆಗೆ ಇಳಿದು, ಅಲ್ಲಿಂದ ಪೈಪಿನಲ್ಲಿ ಹೊರಗೆ ಹೋಗಬೇಕು.

ಈ ಯಂತ್ರ ಹುಟ್ಟಿದ್ದೇ ತೇವದ ಕಾರಣಕ್ಕೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ ಗಾಳಿಯ ತೇವವನ್ನು ಹಿಡಿತದಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದ. ಮನುಷ್ಯರಿಗೆ ತಂಪು ಕೊಡುವ ಬಳಕೆ ಆಮೇಲೆ ಬಂದದ್ದು.

ಈಗ ನಮ್ಮ ಊರಿನ ಹವೆಯನ್ನು ನೆನೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ನಮಗೆ ಹೊಸತಲ್ಲ. ಆದರೆ ಅದು ಒಣ ಬಿಸಿಲು. ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುತ್ತದೆ. ಆ ಗಾಳಿಯಲ್ಲಿ ತೇವವೇ ಕಡಿಮೆ, ಹಾಗಾಗಿ ಎಸಿಯಿಂದ ಇಳಿಯುವ ನೀರೂ ಕಡಿಮೆ. ಪೈಪು ಉಲ್ಟಾ ವಾಲಿದ್ದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಮಳೆಗಾಲ ಬಂತೆಂದರೆ ಲೆಕ್ಕ ಬದಲಾಗುತ್ತದೆ. ತೇವದ ಗಾಳಿಯಿಂದ ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರನ್ನು ಇಳಿಸಬಲ್ಲದು. ರಾತ್ರಿಯಿಡೀ ನಡೆಸಿದರೆ ಅರ್ಧ ಬಕೆಟ್ಟಾದರೂ ಆಯಿತು. ಅಷ್ಟು ನೀರಿಗೆ ಹೊರಹೋಗುವ ದಾರಿ ಸಿಗದಿದ್ದರೆ ಅದು ನಿಮ್ಮ ಗೋಡೆಯನ್ನೇ ದಾರಿ ಮಾಡಿಕೊಳ್ಳುತ್ತದೆ.

ನಮ್ಮ ಕಡೆ ಎಸಿ ಕೂರಿಸುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಕೂರಿಸಿದವರು ಹಣ ಪಡೆದು ಹೋದ ಮೂರು ತಿಂಗಳ ನಂತರ ದೋಷ ಹೊರಬರುತ್ತದೆ. ಆಗ ಯಾರನ್ನು ಕೇಳುವುದು?

ಗೋಡೆಯೊಳಗೆ ಹೋಗುವುದೇನು?

ಕೋಣೆಯ ಒಳಗಿನ ಯಂತ್ರಕ್ಕೂ ಹೊರಗಿನ ಯಂತ್ರಕ್ಕೂ ನಡುವೆ ನಾಲ್ಕು ವಸ್ತುಗಳು ಹಾದು ಹೋಗುತ್ತವೆ. ಒಂದು ತೆಳ್ಳಗಿನ ತಾಮ್ರದ ಪೈಪು, ಒಂದು ದಪ್ಪ ತಾಮ್ರದ ಪೈಪು, ವಿದ್ಯುತ್ ತಂತಿಗಳು, ಮತ್ತು ನೀರಿನ ಪೈಪು. ಮೊದಲ ಮೂರು ಮೇಲೆ ಕೆಳಗೆ ಹೇಗೆ ಬೇಕಾದರೂ ತಿರುಗಬಹುದು. ನೀರಿನ ಪೈಪು ಮಾತ್ರ ಹಾಗಲ್ಲ. ಅದನ್ನು ನೂಕುವ ಮೋಟಾರು ಸಾಮಾನ್ಯ ಎಸಿಗಳಲ್ಲಿ ಇರುವುದಿಲ್ಲ. ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಆದ್ದರಿಂದ ಯೋಜನೆಯನ್ನು ನೀರಿನ ಪೈಪಿನಿಂದ ಪ್ರಾರಂಭಿಸಿ. ಅದಕ್ಕೆ ದಾರಿ ಸಿಕ್ಕಿದ ಮೇಲೆ ಉಳಿದ ಮೂರನ್ನು ಅದರ ಜೊತೆಗೆ ಹೊಂದಿಸಿ.

ನಕ್ಷೆಯಲ್ಲೇ ಜಾಗ ಗುರುತಿಸಿ

ತಳಪಾಯ ಹಾಕುವ ಮುನ್ನ ಕೋಣೆಗಳ ನಕ್ಷೆ ನೋಡುವಾಗಲೇ ಎರಡು ಪ್ರಶ್ನೆ ಕೇಳಿ. ಯಾವ ಕೋಣೆಗೆ ಎಸಿ ಬೇಕು? ಎಲ್ಲ ಕೋಣೆಗೂ ಬೇಕಾಗಿಲ್ಲ. ನಮ್ಮ ಒಣ ಬೇಸಿಗೆಗೆ ಕೂಲರ್ ಚೆನ್ನಾಗಿಯೇ ತಂಪು ಕೊಡುತ್ತದೆ, ಕರೆಂಟೂ ಉಳಿಯುತ್ತದೆ. ರೋಗಿಗಳು, ವೃದ್ಧರು, ಹಸುಗೂಸುಗಳಿರುವ ಕೋಣೆಯನ್ನು ಮೊದಲು ಆರಿಸಿ. ಎರಡನೆಯ ಪ್ರಶ್ನೆ, ಆ ಕೋಣೆಯ ಯಾವ ಗೋಡೆಯ ಆಚೆ ಬಯಲಿದೆ? ಒಳಗಿನ ಯಂತ್ರವನ್ನು ಆ ಹೊರಗೋಡೆಗೇ ಕೂರಿಸಿದರೆ ನೀರಿನ ಪೈಪು ಹಿಂದಿನಿಂದ ನೇರವಾಗಿ ಹೊರಬೀಳುತ್ತದೆ. ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ನಡುಮನೆಯ ಗೋಡೆಗೆ ಕೂರಿಸಿದರೆ ಪೈಪು ಎರಡು ಮೂರು ಕೋಣೆ ದಾಟಬೇಕು. ಪೈಪು ಉದ್ದವಾದಷ್ಟೂ ದೋಷಕ್ಕೆ ಅವಕಾಶ ಹೆಚ್ಚು, ತಾಮ್ರದ ಖರ್ಚೂ ಹೆಚ್ಚು. ಯಂತ್ರದ ಜೊತೆಗೆ ಕೊಡುವ ಪೈಪು ಸಾಮಾನ್ಯವಾಗಿ 3 ಮೀಟರ್ ಮಾತ್ರ, ಕೆಲವು ಸಲ ಅದೂ ಇರುವುದಿಲ್ಲ.

ಹೊರಗಿನ ಯಂತ್ರವನ್ನು ಎಲ್ಲಿಡಬೇಕು? ನಮ್ಮಲ್ಲಿ ಹೆಚ್ಚಿನವರು ಮಾಳಿಗೆಯ ಮೇಲಿಡುತ್ತಾರೆ. ಕೋಣೆಯ ಬಿಸಿಯನ್ನು ಹೊರಗೆ ಚೆಲ್ಲುವುದೇ ಅದರ ಕೆಲಸ. ಕಾದ ಹೆಂಚಿನಂಥ ಮಾಳಿಗೆಯಲ್ಲಿ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದು ಹೆಚ್ಚು ಕರೆಂಟು ತಿಂದು ಕಡಿಮೆ ತಂಪು ಕೊಡುತ್ತದೆ. ಉತ್ತರದ ಅಥವಾ ಪೂರ್ವದ ಗೋಡೆಯ ನೆರಳು ಉತ್ತಮ. ಮಾಳಿಗೆಯೇ ಗತಿಯೆಂದಾದರೆ ಮೇಲೊಂದು ತಗಡಿನ ನೆರಳು ಮಾಡಿಸಿ, ಆದರೆ ಸುತ್ತಲೂ ಗಾಳಿಯಾಡಲು ಜಾಗ ಬಿಡಿ.

ಇನ್ನೂ ಎರಡು ವಿಷಯಗಳನ್ನು ಗಂಡಸರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಮೆಕ್ಯಾನಿಕ್ ಆ ಯಂತ್ರದ ಬಳಿ ಬರಬೇಕು. ಆತ ನಿಮ್ಮ ಮಲಗುವ ಕೋಣೆ ಹಾಯ್ದು, ಅಡುಗೆ ಮನೆ ದಾಟಿ ಹೋಗುವಂತಾದರೆ, ಯಜಮಾನರು ಊರಲ್ಲಿಲ್ಲದ ದಿನ ನಿಮಗದು ಮುಜುಗರ. ಹೊರಗಿನ ಮೆಟ್ಟಿಲಿನಿಂದಲೋ ಅಂಗಳದಿಂದಲೋ ತಲುಪುವ ಜಾಗವನ್ನೇ ಆರಿಸಿ. ಎರಡನೆಯದು ನೆರೆಮನೆ. ನಿಮ್ಮ ಯಂತ್ರದ ಬಿಸಿಗಾಳಿ ಪಕ್ಕದವರ ಕಿಟಕಿಗೆ ಬಡಿಯಬಾರದು, ನಿಮ್ಮ ಪೈಪಿನ ನೀರು ಅವರ ಗೋಡೆಗೆ, ಅವರ ಅಂಗಳಕ್ಕೆ ತೊಟ್ಟಿಕ್ಕಬಾರದು. ನೆರೆಯವರ ಹಕ್ಕಿನ ಬಗ್ಗೆ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಹಕ್ಕಿನ ಚ್ಯುತಿ ಎಷ್ಟೋ ಸಲ ಒಂದು ಮುಕ್ಕಾಲು ಇಂಚಿನ ಪೈಪಿನಿಂದಲೇ ಪ್ರಾರಂಭವಾಗುತ್ತದೆ.

ವಾಟ ಎಂಬ ಸಣ್ಣ ಮಾತು

ಇಳಿಜಾರಿಗೆ ಗೌಂಡಿಗಳು 'ವಾಟ' ಎನ್ನುತ್ತಾರೆ. ಬಚ್ಚಲಿನ ನೆಲಕ್ಕೆ ವಾಟ ಕೊಡದಿದ್ದರೆ ನೀರು ನಿಲ್ಲುವುದು ನಿಮಗೆ ಗೊತ್ತೇ ಇದೆ. ಎಸಿಯ ನೀರಿನ ಪೈಪಿಗೂ ಅದೇ ನಿಯಮ. ನೂರಕ್ಕೆ ಒಂದು, ಅಂದರೆ ಹತ್ತು ಅಡಿ ಉದ್ದಕ್ಕೆ ಕನಿಷ್ಠ ಒಂದೂಕಾಲು ಇಂಚು ಇಳಿಯಬೇಕು. ಎರಡೂವರೆ ಇಂಚು ಇಳಿದರೆ ಇನ್ನೂ ಒಳ್ಳೆಯದು. ಮೊದಲಿನಿಂದ ಕೊನೆಯವರೆಗೆ ಇಳಿಯುತ್ತಲೇ ಹೋಗಬೇಕು. ನಡುವೆ ಒಂದೇ ಒಂದು ಕಡೆ ಮೇಲೇರಿದರೂ ಅಲ್ಲಿ ನೀರು ನಿಂತು, ಧೂಳು ಸೇರಿ ಲೋಳೆ ಕಟ್ಟುತ್ತದೆ.

ಬರೀ ವಾಟದ ಬಲದಿಂದ ನೀರನ್ನು ಕೊಂಡೊಯ್ಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇಂದಿಗೂ ಇದೆ. ನೆಲದಡಿಯ ಸುರಂಗದಲ್ಲಿ ನೀರು ಇಳಿಜಾರಿನಿಂದಲೇ ದೂರದವರೆಗೆ ಹರಿಯುವಂತೆ ಅದನ್ನು ತೋಡಿದ್ದಾರೆ. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟಿದ್ದಾರೆ. ಅವುಗಳಿಂದ ಗಾಳಿಯಾಡುತ್ತಿತ್ತು, ಇಳಿದು ಹೂಳು ತೆಗೆಯಲೂ ಬರುತ್ತಿತ್ತು. ಮುಚ್ಚಿದ ನೀರಿನ ದಾರಿಗೆ ಎರಡು ಬೇಕು: ತಪ್ಪದ ಇಳಿಜಾರು ಮತ್ತು ಶುಚಿ ಮಾಡಲು ಒಂದು ಕಂಡಿ. ನಿಮ್ಮ ಗೋಡೆಯೊಳಗಿನ ಪೈಪಿಗೂ ಬೇಕಾದದ್ದು ಇವೆರಡೇ.

ಪೈಪು ಮುಕ್ಕಾಲರಿಂದ ಒಂದು ಇಂಚಿನ ಗಟ್ಟಿ ಪಿವಿಸಿ ಇರಲಿ. ಮಡಚಿಕೊಳ್ಳುವ ಸುರುಳಿ ಪೈಪನ್ನು ಗೋಡೆಯೊಳಗೆ ಹುದುಗಿಸಲು ಬಿಡಬೇಡಿ, ಅದರ ಮಡಿಕೆಗಳಲ್ಲಿ ಕೊಳೆ ಕೂರುತ್ತದೆ. ತಿರುವುಗಳು ಕಡಿಮೆಯಿರಲಿ, ಇದ್ದರೂ ನೇರ ಮೂಲೆಯ ಬದಲು ಓರೆ ತಿರುವು ಇರಲಿ. ಈ ಪೈಪಿನೊಳಗಿನ ನೀರು ತಣ್ಣಗಿರುವುದರಿಂದ ಅದರ ಹೊರಮೈ ಕೂಡ ಬೆವರುತ್ತದೆ, ಆದ್ದರಿಂದ ಗೋಡೆಯೊಳಗಿನ ಭಾಗಕ್ಕೆ ರಬ್ಬರಿನ ಹೊದಿಕೆ ಹಾಕಿಸಿ. ಮಹಡಿ ಮತ್ತು ಕೆಳಗಿನ ಯಂತ್ರಗಳ ನೀರು ಒಂದೇ ಪೈಪಿಗೆ ಸೇರುವುದಾದರೆ ಆ ನಿಂತ ಪೈಪು ಒಂದೂಕಾಲು ಇಂಚಿಗಿಂತ ದೊಡ್ಡದಿರಲಿ, ಅದರ ಮೇಲ್ತುದಿ ಗಾಳಿಗೆ ತೆರೆದಿರಲಿ.

ನೀರು ಎಲ್ಲಿಗೆ ಬೀಳಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿ. ಪಾಯಖಾನೆಯ ಪೈಪಿಗೆ ನೇರವಾಗಿ ಸೇರಿಸಿದರೆ ಅಲ್ಲಿಯ ದುರ್ನಾತ ಎಸಿಯ ಮೂಲಕ ಕೋಣೆಗೇ ಬರುತ್ತದೆ. ಅಂಗಳದ ಗಿಡದ ಬುಡಕ್ಕೆ ಬಿಡಿ, ಇಲ್ಲವೇ ಬಚ್ಚಲಿನ ನೆಲಕ್ಕೆ ಬೀಳುವಂತೆ ಮಾಡಿ. ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರೆಸಲು, ಗಿಡಗಳಿಗೆ ಹಾಕಲು ಬರುತ್ತದೆ. ಧೂಳು ಕೂತ ಲೋಹದ ಮೇಲೆ ಹರಿದು ಬಂದ ನೀರಾದ್ದರಿಂದ ಕುಡಿಯಲು ಮಾತ್ರ ಬೇಡ. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗದಿರಲಿ. ತುದಿಗೆ ಸಣ್ಣ ಜಾಳಿಗೆ ಕಟ್ಟಿ, ಇಲ್ಲದಿದ್ದರೆ ಹಲ್ಲಿ, ಜಿರಲೆಗಳು ಒಳಸೇರುತ್ತವೆ.

ಗೋಡೆಯನ್ನು ಎಷ್ಟು ಕೊರೆಯಬಹುದು?

ಪೈಪು ಹುದುಗಿಸಲು ಗೋಡೆಯಲ್ಲಿ ತೋಡು ಕೊರೆಯುತ್ತಾರೆ. ಇಲ್ಲಿಯೂ ಮಿತಿಯಿದೆ. ಮೇಲಿಂದ ಕೆಳಕ್ಕೆ ಕೊರೆಯುವ ತೋಡು ಗೋಡೆಯ ದಪ್ಪದ ಮೂರನೆಯ ಒಂದು ಪಾಲು, ಅಡ್ಡಲಾಗಿ ಕೊರೆಯುವುದು ಆರನೆಯ ಒಂದು ಪಾಲು ಮೀರಬಾರದೆಂಬುದು ಕಟ್ಟಡ ಕೆಲಸದ ನಿಯಮ. ಒಂಬತ್ತು ಇಂಚಿನ ಗೋಡೆಯಾದರೆ ನಿಂತ ತೋಡು ಮೂರು ಇಂಚು, ಅಡ್ಡ ತೋಡು ಒಂದೂವರೆ ಇಂಚು. ಹೊದಿಕೆ ಸಮೇತ ದಪ್ಪ ಪೈಪೊಂದೇ ಹೆಚ್ಚುಕಡಿಮೆ ಒಂದೂವರೆ ಇಂಚು ಆಗುತ್ತದೆ. ಅದರ ಮೇಲೆ ಪ್ಲಾಸ್ಟರ್ ಕೂರಲು ಜಾಗವೆಲ್ಲಿ? ಆದ್ದರಿಂದ ಅಡ್ಡ ದಾರಿಯನ್ನು ಆದಷ್ಟು ತಪ್ಪಿಸಿ, ನಿಂತ ದಾರಿಯನ್ನೇ ಆರಿಸಿ. ನಾಲ್ಕೂವರೆ ಇಂಚಿನ ಗೋಡೆಯನ್ನು ಇದಕ್ಕಾಗಿ ಕೊರೆಸಲೇಬೇಡಿ. ಕಾಂಕ್ರೀಟ್ ಕಂಬ ಮತ್ತು ತೊಲೆಗಳನ್ನು ಯಾವ ಕಾರಣಕ್ಕೂ ಮುಟ್ಟಗೊಡಬೇಡಿ. ಗೋಡೆ ಕಟ್ಟುವಾಗಲೇ, ಸ್ಲ್ಯಾಬ್ ಹಾಕುವಾಗಲೇ ಪೈಪು ಹಾಯುವ ಕಡೆ ಮೂರು ಇಂಚಿನ ಪಿವಿಸಿ ತುಂಡೊಂದನ್ನು ಇಟ್ಟುಬಿಟ್ಟರೆ ಆಮೇಲೆ ಡ್ರಿಲ್ಲಿನ ಗೊಡವೆಯೇ ಇಲ್ಲ. ಹೊರಗೋಡೆಯಲ್ಲಿ ಆ ತುಂಡು ಹೊರಮುಖಕ್ಕೆ ಸ್ವಲ್ಪ ವಾಲಿರಲಿ, ಮಳೆನೀರು ಒಳಬರುವುದಿಲ್ಲ.

ನಿಮ್ಮದು ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಯೇ? ಹಾಗಿದ್ದರೆ ಹುದುಗಿಸುವ ಆಸೆ ಬಿಡಿ. ಕಲ್ಲು ಕೊರೆದರೆ ಸಂದಿಯ ಮಣ್ಣು, ಗಾರೆ ಸಡಿಲಾಗುತ್ತದೆ. ಒಂದೇ ಒಂದು ರಂಧ್ರ ಮಾಡಿಸಿ, ಪೈಪುಗಳನ್ನು ಹೊರಗಡೆ ಪ್ಲಾಸ್ಟಿಕ್ ಪಟ್ಟಿಯ ಮರೆಯಲ್ಲಿ ಇಳಿಸಿ. ನೋಡಲೂ ಅಸಹ್ಯವಿರುವುದಿಲ್ಲ, ಕೆಟ್ಟರೆ ಬಿಚ್ಚಲೂ ಬರುತ್ತದೆ. ಬಾಡಿಗೆ ಮನೆಯವರಿಗೂ ಇದೇ ಸಲಹೆ.

ತಾಮ್ರದ ಪೈಪು ಮತ್ತು ಕರೆಂಟು

ಪೈಪಿನ ಅಳತೆ ಎಲ್ಲ ಯಂತ್ರಗಳಿಗೂ ಒಂದೇ ಅಲ್ಲ. ಒಂದೂವರೆ ಟನ್ನಿಗೆ ತೆಳ್ಳಗಿನದು ಕಾಲಿಂಚು, ದಪ್ಪನೆಯದು ಹೆಚ್ಚಾಗಿ ಅರ್ಧ ಇಂಚು. ಕೆಲವು ಮಾದರಿಗಳಲ್ಲಿ ದಪ್ಪ ಪೈಪು ಇನ್ನೂ ದೊಡ್ಡದು. ಮೊದಲು ಯಾವ ಎಸಿ ಎಂಬುದನ್ನು ನಿರ್ಧರಿಸಿ, ಅದರ ಪುಸ್ತಿಕೆಯಲ್ಲಿರುವ ಅಳತೆಯ ಪೈಪನ್ನೇ ಹುದುಗಿಸಿ. ಪೈಪು ಎಷ್ಟು ಉದ್ದ ಹೋಗಬಹುದು, ಎಷ್ಟರ ಮೇಲೆ ಹೆಚ್ಚು ಗ್ಯಾಸ್ ತುಂಬಬೇಕು ಎಂಬುದೂ ಅದರಲ್ಲೇ ಇರುತ್ತದೆ.

ಎರಡೂ ಪೈಪುಗಳಿಗೆ ಬೇರೆ ಬೇರೆ ಹೊದಿಕೆ ಬೇಕು. ಒಂದೇ ಹೊದಿಕೆಯಲ್ಲಿ ಎರಡನ್ನೂ ಸುತ್ತುವುದು ತಪ್ಪು. ಹೊದಿಕೆ ಹರಿದ ಕಡೆ ಪೈಪು ಬೆವರಿ ಗೋಡೆ ಒದ್ದೆಯಾಗುತ್ತದೆ, ನೀವು ನೀರಿನ ಪೈಪು ಸೋರಿತೆಂದು ತಿಳಿಯುತ್ತೀರಿ. ಗೋಡೆಯೊಳಗೆ ಜೋಡಣೆ ಇರದಂತೆ ಒಂದೇ ಅಖಂಡ ಪೈಪು ಬಳಸಲಿ. ಜೋಡಣೆಗಳು ಎರಡು ತುದಿಗಳಲ್ಲಿ, ಕೈಗೆ ಸಿಗುವಂತಿರಲಿ. ಮನೆ ಕೆಲಸ ಮುಗಿಯುವವರೆಗೆ ಪೈಪಿನ ಬಾಯಿ ತೆರೆದಿದ್ದರೆ ಸಿಮೆಂಟಿನ ಪುಡಿ, ತೇವ ಒಳಹೋಗಿ ಮುಂದೆ ಕಂಪ್ರೆಸರನ್ನೇ ಕೆಡಿಸುತ್ತದೆ. ಬಾಯಿಯನ್ನು ಬೆಸುಗೆ ಹಾಕಿಯೋ ಬಿಗಿಯಾದ ಮುಚ್ಚಳದಿಂದಲೋ ಮುಚ್ಚಿಸಿ.

ತಂತಿಯ ವಿಷಯದಲ್ಲಿ ಮೂರು ಮಾತು. ಎಸಿಗೆ ಮುಖ್ಯ ಬೋರ್ಡಿನಿಂದ ಪ್ರತ್ಯೇಕ ತಂತಿ ಬರಲಿ, ಒಂದೂವರೆ ಟನ್ನಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಮತ್ತು ಅದಕ್ಕೆ ತಕ್ಕ ಎಂಸಿಬಿ ಇರಲಿ. ಜೆಸ್ಕಾಂ ಮಂಜೂರು ಮಾಡಿದ ಲೋಡು ಸಾಲುವುದೇ ನೋಡಿ, ಸಾಲದಿದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಅರ್ಥಿಂಗ್ ಗುಂಡಿಯನ್ನು ಮರೆಯಬೇಡಿ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ದುರ್ಬಲವಾಗುತ್ತದೆ. ಆಗಾಗ ನೀರು ಹಾಕುತ್ತಿರಿ.

ಪ್ಲಾಸ್ಟರ್‌ನ ಹಿಂದಿನ ದಿನ

ಈಗ ಮುಖ್ಯ ದಿನಕ್ಕೆ ಬರೋಣ. ಪೈಪುಗಳನ್ನು ಇಟ್ಟಾಗಿದೆ, ನಾಳೆ ಪ್ಲಾಸ್ಟರ್. ಯಜಮಾನರು ಅಂಗಡಿಯಲ್ಲೋ ಪರವೂರಿನಲ್ಲೋ ಇದ್ದಾರೆ. ಕೆಲಸಗಾರರಿಗೆ ಚಹಾ ಕೊಡಲು ಬಂದ ನಿಮಗೆ ಪೈಪಿನ ಮೇಲೆ ಸಂಶಯ ಬಂತು, ಕೇಳಿದಿರಿ. "ಏನೂ ಆಗಲ್ರಿ ಅಕ್ಕಾರ, ಪ್ಲಾಸ್ಟರ್ ಹಾಕಿದ್ರ ಎಲ್ಲಾ ಮುಚ್ಚಿ ಹೋಗ್ತದ" ಎಂಬ ಉತ್ತರ ಬಂತು. ಮುಚ್ಚಿ ಹೋಗುವುದೇ ತೊಂದರೆಯಲ್ಲವೇ? ಸಂಕೋಚ ಪಡಬೇಡಿ, ಒರಟಾಗಿ ಮಾತನಾಡಲೂ ಬೇಡಿ. "ಅಣ್ಣಾ, ಒಂದು ಬಕೆಟ್ ನೀರು ಹಾಕಿ ನೋಡೋಣ, ಆಮೇಲೆ ಮುಚ್ಚಿರಿ" ಎನ್ನಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರ ಪಟ್ಟುಕೊಳ್ಳುವುದಿಲ್ಲ.

ಅಂದು ಈ ಐದು ಕೆಲಸ ಮಾಡಿಸಿ:

1. ಗೌಂಡಿಯ ನೀರಿನ ಲೆವೆಲ್ ಪೈಪಿನಿಂದ ನೀರಿನ ಪೈಪಿನ ಎರಡೂ ತುದಿಗಳ ಎತ್ತರ ಅಳೆಸಿ. ನಡುವೆ ಎಲ್ಲೂ ಉಬ್ಬು ತಗ್ಗು ಇರಬಾರದು.

2. ಮೇಲಿನ ಬಾಯಿಯಿಂದ ಚೊಂಬು ಚೊಂಬಾಗಿ ಒಂದು ಬಕೆಟ್ ನೀರು ಸುರಿಸಿ. ಸುರಿದದ್ದೆಲ್ಲ ಕೆಳಗಿಟ್ಟ ಬಕೆಟ್ಟಿಗೆ ತಡೆಯಿಲ್ಲದೆ ಬರಬೇಕು.

3. ಬಳಿಕ ಕೆಳಗಿನ ತುದಿ ಮುಚ್ಚಿ ಪೈಪಿನಲ್ಲಿ ನೀರು ತುಂಬಿಸಿ ಒಂದೆರಡು ಗಂಟೆ ಬಿಡಿ. ಮೇಲಿನ ಮಟ್ಟ ಇಳಿದರೆ ಎಲ್ಲೋ ಜೋಡಣೆ ಸೋರುತ್ತಿದೆ.

4. ತಾಮ್ರದ ಪೈಪಿಗೆ ನೈಟ್ರೋಜನ್ ತುಂಬಿಸಿ 24 ಗಂಟೆ ಒತ್ತಡ ನಿಲ್ಲುವುದೇ ನೋಡಿಸಿ. ಹಗಲು ರಾತ್ರಿಯ ಬಿಸಿಯಿಂದ ಮುಳ್ಳು ತುಸು ಅಲುಗುತ್ತದೆ, ಹಾಗಾಗಿ ಮರುದಿನ ಅದೇ ಹೊತ್ತಿಗೆ ನೋಡಿ. ನೈಟ್ರೋಜನ್ ಸಿಗಲಿಲ್ಲವೆಂದು ಆಕ್ಸಿಜನ್ ತುಂಬಲು ಮಾತ್ರ ಬಿಡಬೇಡಿ, ಎಣ್ಣೆಯ ಅಂಶ ತಾಗಿದರೆ ಸ್ಫೋಟವಾಗುತ್ತದೆ.

5. ಗೋಡೆಯ ಪಕ್ಕ ಅಳತೆ ಪಟ್ಟಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಪೈಪು ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಎಂಬುದನ್ನು ಒಂದು ಹಾಳೆಯಲ್ಲೂ ಬರೆದು ಮನೆಯ ಕಾಗದಪತ್ರಗಳ ಜೊತೆಗಿಡಿ. ನಾಳೆ ಕಪಾಟು ಕೂರಿಸುವವರು ಡ್ರಿಲ್ ಹೊಡೆಯುವಾಗ ಆ ಹಾಳೆ ಗೋಡೆಯನ್ನು ಕಾಯುತ್ತದೆ.

ಇದಕ್ಕೆಲ್ಲ ಒಂದು ದಿನ ತಡವಾಗಬಹುದು. ಅನುಭವಿ ಮೆಕ್ಯಾನಿಕ್ ಬೇಕೆಂದರೆ ಹಲವು ಸಲ ದೂರದ ಕಲಬುರಗಿಯಿಂದ ಕರೆಸಬೇಕಾಗುತ್ತದೆ. ಗೋಡೆ ಮುಚ್ಚುವ ಮೊದಲು ಒಮ್ಮೆ ಕರೆಸುವುದು, ಮುಚ್ಚಿದ ಮೇಲೆ ಮತ್ತೆ ಮತ್ತೆ ಕರೆಸುವುದಕ್ಕಿಂತ ಅಗ್ಗ.

ಆಮೇಲಿನ ಜೋಪಾನ

ಯಂತ್ರ ಕೂರಿಸಿದ ದಿನವೂ ಒಳಗಿನ ತಟ್ಟೆಗೆ ಎರಡು ಲೋಟ ನೀರು ಸುರಿದು ಹೊರಗೆ ಬರುವುದನ್ನು ನೋಡಿಯೇ ಹಣ ಕೊಡಿ. ಏಪ್ರಿಲ್‌ನಲ್ಲಿ ಕೂರಿಸಿದವರು ಇದನ್ನು ತಪ್ಪಿಸಲೇಬಾರದು. ಪೈಪಿನೊಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ಹೊರತೆಗೆದ ಮೇಲೆಯೇ ಗ್ಯಾಸ್ ಬಿಡಬೇಕು. ಈಗ ಹೆಚ್ಚಾಗಿ ಬರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು, ಆದ್ದರಿಂದ ಅರೆಬರೆ ಕಲಿತವರ ಕೈಗೆ ಕೊಡಬೇಡಿ. ತೊಗರಿ ರಾಶಿಯ ಹೊತ್ತಿಗೆ ಊರೆಲ್ಲ ಧೂಳು. ಅದು ಎಸಿಯ ಜಾಳಿಗೆಯಲ್ಲೂ ತಟ್ಟೆಯಲ್ಲೂ ಕೂತು, ಮಳೆಗಾಲದಲ್ಲಿ ಕೆಸರಾಗಿ ಪೈಪಿನ ಬಾಯಿ ಕಟ್ಟುತ್ತದೆ. ಬೇಸಿಗೆಗೆ ಮುನ್ನ ಒಮ್ಮೆ, ಮಳೆಗಾಲಕ್ಕೆ ಮುನ್ನ ಒಮ್ಮೆ ತಟ್ಟೆ ಮತ್ತು ಪೈಪು ತೊಳೆಸಿ. ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ನೀವೇ ನಲ್ಲಿಯ ಕೆಳಗೆ ತೊಳೆಯಬಹುದು. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಯಲ್ಲಿ ಪ್ರಾರಂಭವಾಗುವಂತೆ ಸರಕಾರ ನಿಯಮ ಮಾಡಿದೆ. ಅಲ್ಲೇ ಇಟ್ಟುಕೊಳ್ಳಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟು ಉಳಿಯುತ್ತದೆಂಬುದು ಇಂಧನ ದಕ್ಷತಾ ಮಂಡಳಿಯ ಲೆಕ್ಕ.

ಸಹೋದರಿಯರೇ, ಮನೆ ಕಟ್ಟುವಾಗ ನಾವು ಬಾಗಿಲಿನ ಕೆತ್ತನೆ, ಅಡುಗೆ ಮನೆಯ ಟೈಲ್ಸು, ಗೋಡೆಯ ಬಣ್ಣ ಆರಿಸಲು ವಾರಗಟ್ಟಲೆ ಚರ್ಚಿಸುತ್ತೇವೆ. ಅವೆಲ್ಲ ಮೇಲೆ ಕಾಣುವಂಥವು, ಬೇಡವೆನಿಸಿದರೆ ಬದಲಿಸಬಹುದು. ಗೋಡೆಯೊಳಗೆ ಹೋದದ್ದನ್ನು ಬದಲಿಸಲಾಗದು. ಮನೆ ಕಟ್ಟುವ ದಿನಗಳಲ್ಲಿ ಆ ಗೋಡೆಯನ್ನು ದಿನವೂ ನೋಡುವವರು ನೀವು, ಮುಂದೆ ಅದರ ತೇವದ ಜೊತೆ ಬದುಕಬೇಕಾದವರೂ ನೀವೇ. ಹಾಗಾಗಿ ಮುಚ್ಚುವ ಮುನ್ನ ಒಂದು ಬಕೆಟ್ ನೀರು ಸುರಿದು ನೋಡಬೇಕೆಂದು ಹೇಳುವ ಹಕ್ಕೂ ನಿಮ್ಮದೇ. ಸಂಕೋಚವಿಲ್ಲದೆ ಹೇಳಿರಿ.